ಮಾನ್ಯ ರಕ್ಷಣಾ ಸಚಿವರೇ, ಸ್ಟೆಲ್ತ್ ಕೊಳ್ಳುವ ಮುಂಚೆ ಸುಖೋಯ್ ಕಡೆ ನೋಡಿ

ಮಾನ್ಯ ರಾಜನಾಥ್ ಸಿಂಗ್ ಅವರಿಗೆ ನಮಸ್ಕಾರಗಳು.

ಈ ಪತ್ರ ಕನ್ನಡದಲ್ಲಿದೆ. ನಿಮ್ಮ ಕಚೇರಿಯಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ತೇಜಸ್ ಹುಟ್ಟಿದ್ದು ಬೆಂಗಳೂರಿನಲ್ಲಿ. ರೇಡಾರ್ ಪ್ರಯೋಗಾಲಯ ಇಲ್ಲಿದೆ, ಎಂಜಿನ್ ಪ್ರಯೋಗಾಲಯ ಇಲ್ಲಿದೆ. ನಾವಿರುವ ಕಡೆ ಎಚ್‌ಎಎಲ್ ರನ್‌ವೇಯಿಂದ ಫೈಟರ್ ಏರಿದರೆ ಶಾಲೆಯಲ್ಲಿ ಮೇಷ್ಟ್ರು ಪಾಠ ನಿಲ್ಲಿಸಿ, ಸದ್ದು ಹೋಗುವ ತನಕ ಸುಮ್ನೆ ನಿಲ್ಲುತ್ತಾರೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತಾಡುವ ಹಕ್ಕು ನಮಗೂ ಇದೆ ಅಂದುಕೊಂಡಿದ್ದೇನೆ.

ನನ್ನ ಕೋರಿಕೆ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಹೊರದೇಶದಿಂದ ಒಂದೆರಡು ಸ್ಕ್ವಾಡ್ರನ್ ಸ್ಟೆಲ್ತ್ ವಿಮಾನ, ಅಂದರೆ ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಫೈಟರ್, ತರುವ ಯೋಚನೆ ಇದ್ದರೆ ದಯವಿಟ್ಟು ಕೈಬಿಡಿ. ಆ ದುಡ್ಡನ್ನು ನಮ್ಮಲ್ಲಿರುವ ಸುಖೋಯ್-30 ಗಳನ್ನು ಹೊಸದಾಗಿ ಸಜ್ಜು ಮಾಡುವುದಕ್ಕೆ ಹಾಕಿ. ದೂರ ಹೊಡೆಯುವ ಕ್ಷಿಪಣಿಗಳಿಗೆ ಹಾಕಿ. ನಮ್ಮದೇ ಎಂಜಿನ್ನಿಗೆ ಹಾಕಿ. ಸ್ಟೆಲ್ತ್ ಬೇಡವೇ ಬೇಡ ಅನ್ನುವ ಗುಂಪಿನವನಲ್ಲ ನಾನು. ಬೇಕು. ಆದರೆ ಮನೆ ನಮ್ಮದು, ಬೀಗದ ಕೈ ಇನ್ನೊಬ್ಬರ ಜೇಬಿನಲ್ಲಿ ಅನ್ನುವ ಹಾಗೆ ಬೇಡ.

ಈ ಮಾತು ಈಗ ಯಾಕೆ ಬಂತು ಅಂದರೆ, 2025 ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ರಷ್ಯಾದ ಸುಖೋಯ್-57 ಮತ್ತು ಅಮೆರಿಕದ ಎಫ್-35, ಎರಡೂ ಸ್ಟೆಲ್ತ್ ವಿಮಾನಗಳು, ಒಂದೇ ಮೈದಾನದಲ್ಲಿದ್ದವು. ಜನ ಕತ್ತೆತ್ತಿ ನೋಡಿದ್ದೇ ನೋಡಿದ್ದು. ಅದೇ ವಾರ ವಾಷಿಂಗ್ಟನ್‌ನಲ್ಲಿ ನಮ್ಮ ಪ್ರಧಾನಿಯವರ ಪಕ್ಕದಲ್ಲಿ ನಿಂತು ಟ್ರಂಪ್ ಅವರು ಭಾರತಕ್ಕೆ ಎಫ್-35 ಕೊಡುವ ದಾರಿ ಮಾಡುತ್ತೇವೆ ಅಂದರು. ಆಗಸ್ಟ್‌ನಲ್ಲಿ ಸರ್ಕಾರ ಲೋಕಸಭೆಗೆ ಎಫ್-35 ಬಗ್ಗೆ ಔಪಚಾರಿಕ ಮಾತುಕತೆ ನಡೆದಿಲ್ಲ ಅಂತ ತಿಳಿಸಿತು. ಒಳ್ಳೆಯದೇ ಆಯಿತು. ಆದರೂ ಟಿವಿ ಚರ್ಚೆಗಳು ನಿಂತಿಲ್ಲ. ಅಲ್ಲಿ ಲೆಕ್ಕ ತುಂಬ ಸುಲಭ: ನಾಲ್ಕನೇ ಪೀಳಿಗೆ ಅಂದರೆ ಹಳೇದು, ಐದನೇ ಪೀಳಿಗೆ ಅಂದರೆ ಸ್ಟೆಲ್ತ್ ಇರುವ ಹೊಸದು, ಹೊಸದು ತಂದುಬಿಟ್ಟರೆ ಕೆಲಸ ಮುಗೀತು.

ಆ ಲೆಕ್ಕ ಹಾಕುವವರನ್ನು ಪೂರ್ತಿ ತೆಗೆದುಹಾಕುವಂತಿಲ್ಲ. ಚೀನಾದ ಸ್ಟೆಲ್ತ್ ವಿಮಾನ ಜೆ-20 ಮೊದಲು ಹಾರಿದ್ದು 2011 ರಲ್ಲಿ, ಪಡೆಗೆ ಸೇರಿದ್ದು 2017 ರಲ್ಲಿ. 2024 ರ ಮೇ ತಿಂಗಳಲ್ಲಿ ಟಿಬೆಟ್‌ನ ಶಿಗಾಟ್ಸೆ ವಿಮಾನ ನಿಲ್ದಾಣದಲ್ಲಿ ಆರು ಜೆ-20 ಗಳು ಸಾಲಾಗಿ ನಿಂತಿದ್ದ ಉಪಗ್ರಹ ಚಿತ್ರ ಹೊರಬಂತು. ಅಲ್ಲಿಂದ ಸಿಕ್ಕಿಂ ಕೂಗಳತೆ ದೂರ. ಚೀನಾ ತಮಗೆ 40 ಜೆ-35 ಸ್ಟೆಲ್ತ್ ವಿಮಾನ ಕೊಡಲು ಮುಂದೆ ಬಂದಿದೆ ಅಂತ ಪಾಕಿಸ್ತಾನ ಸರ್ಕಾರವೇ 2025 ರ ಜೂನ್‌ನಲ್ಲಿ ಹೇಳಿಕೊಂಡಿತು. ಭಯ ಸುಳ್ಳಲ್ಲ. ಭಯಕ್ಕೆ ಹುಡುಕುತ್ತಿರುವ ಮದ್ದಿನ ಬಗ್ಗೆಯಷ್ಟೇ ನನ್ನ ತಕರಾರು.

ಹೇಗೂ ಅಮೆರಿಕದ ಹೆಸರು ಬಂತು, ಅವರ ಕಥೆಯನ್ನೇ ಸ್ವಲ್ಪ ನೋಡೋಣ. ಸ್ಟೆಲ್ತ್ ಅಂದರೆ ಜಗತ್ತಿಗೇ ಗುರು ಅವರು. ಎಫ್-117, ಬಿ-2, ಎಫ್-22, ಎಫ್-35 ಎಲ್ಲ ಅವರದ್ದೇ. ಅಂಥವರು 2019 ರ ಮಾರ್ಚ್‌ನಲ್ಲಿ ಬಜೆಟ್ ಮಂಡಿಸುವಾಗ ಸ್ಟೆಲ್ತ್ ಅಲ್ಲದ ಎಂಟು ಹೊಸ ಎಫ್-15 ಬೇಕು ಅಂತ ಕೇಳಿದರು. ಎಫ್-15 ಮೊದಲು ಹಾರಿದ್ದು 1972 ರಲ್ಲಿ! ಆಗ ಹುಟ್ಟಿದ ಮಗು ಆ ಬಜೆಟ್ ಹೊತ್ತಿಗೆ ಐವತ್ತರ ಹತ್ತಿರ ಬಂದಿತ್ತು. ತಮಾಷೆ ಏನೆಂದರೆ, ಅವರ ವಾಯುಪಡೆ ಇದನ್ನು ಕೇಳಿಯೇ ಇರಲಿಲ್ಲ. ತಾವು ಮೊದಲು ಕಳಿಸಿದ ಪಟ್ಟಿಯಲ್ಲಿ ಇದು ಇರಲಿಲ್ಲ ಅಂತ ಆಗಿನ ವಾಯುಪಡೆ ಕಾರ್ಯದರ್ಶಿ ಹೆದರ್ ವಿಲ್ಸನ್ ಅವರೇ ಹೇಳಿದರು. ಪೆಂಟಗನ್‌ನಲ್ಲಿ ಖರ್ಚು ವೆಚ್ಚ ತೂಗಿ ನೋಡುವವರು ಸೇರಿಸಿದ್ದು ಅದು.

ಯಾಕೆ ಸೇರಿಸಿದರು? ಅವರ ಹಳೇ ಎಫ್-15ಸಿ ಗಳು ದಣಿದಿದ್ದವು. 2007 ರ ನವೆಂಬರ್‌ನಲ್ಲಿ ಮಿಸೌರಿ ರಾಜ್ಯದ ಮೇಲೆ ತರಬೇತಿಗೆ ಹೋಗಿದ್ದ ಒಂದು ಎಫ್-15ಸಿ ಆಕಾಶದಲ್ಲೇ ಎರಡು ತುಂಡಾಯಿತು. ಮೈಯ ಒಳಗಿನ ಉದ್ದದ ಪಟ್ಟಿಯೊಂದು ಬಿರುಕು ಬಿಟ್ಟಿತ್ತು. ಪೈಲಟ್ ಬದುಕಿಕೊಂಡರು. ಅವುಗಳ ಜಾಗಕ್ಕೆ ಎಫ್-22 ಬರಬೇಕಿತ್ತು. ಮೊದಲ ಯೋಜನೆಯಲ್ಲಿ 750 ಎಫ್-22 ಗಳ ಮಾತಿತ್ತು. ಖರ್ಚು ಏರಿತು, ಸಂಖ್ಯೆ ಇಳಿಯಿತು. 2009 ರಲ್ಲಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ 187 ಕ್ಕೆ ಸಾಕು ಅಂದುಬಿಟ್ಟರು. ಅಸೆಂಬ್ಲಿ ಲೈನ್ ಮುಚ್ಚಿತು. ಈಗ ಬೇಕು ಅಂದರೂ ಇನ್ನೊಂದು ಎಫ್-22 ಹುಟ್ಟುವುದಿಲ್ಲ.

ಎಫ್-15 ರ ಲೈನ್ ಮಾತ್ರ ಓಡುತ್ತಲೇ ಇತ್ತು. ಸೌದಿ ಅರೇಬಿಯಾ, ಕತಾರ್ ಕೊಳ್ಳುತ್ತಿದ್ದವು. ಹೊಸ ಕಂಟ್ರೋಲ್ ವ್ಯವಸ್ಥೆ, ಹೊಸ ಕಾಕ್‌ಪಿಟ್‌ನಂಥವುಗಳ ಅಭಿವೃದ್ಧಿ ಖರ್ಚಿನಲ್ಲಿ ದೊಡ್ಡ ಪಾಲು ಆ ದೇಶಗಳ ಆರ್ಡರ್‌ಗಳಲ್ಲೇ ತೀರಿಹೋಗಿತ್ತು. ಅದರ ಮೇಲೆ ಹೊಸ ರೂಪದ ಎಫ್-15ಇಎಕ್ಸ್ ಬಂತು. ಹಳೇ ಎಫ್-15 ಓಡಿಸುತ್ತಿದ್ದ ಪೈಲಟ್‌ಗಳು, ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್‌ಗಳು, ಅದೇ ಹ್ಯಾಂಗರ್, ಬಹುಪಾಲು ಅದೇ ಸಲಕರಣೆ. ಒಂದು ಸ್ಕ್ವಾಡ್ರನ್ ಹಳೇದರಿಂದ ಹೊಸದಕ್ಕೆ ಬರಲು ವರ್ಷಗಟ್ಟಲೆ ಕೂರಬೇಕಿಲ್ಲ. 2024 ರಲ್ಲಿ ಓರೆಗಾನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಮೊದಲ ಸ್ಕ್ವಾಡ್ರನ್‌ಗೆ ಅವು ಬಂದಿಳಿದವು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಫ್-15ಇಎಕ್ಸ್ ಅಗ್ಗವಲ್ಲ. ಒಂದಕ್ಕೆ 90 ಮಿಲಿಯನ್ ಡಾಲರ್ ದಾಟುತ್ತದೆ. ಎಫ್-35ಎ ಗೆ 80 ಮಿಲಿಯನ್ ಚಿಲ್ಲರೆ. ಅಂದರೆ ಹಳೇ ಮಾದರಿಯೇ ಜಾಸ್ತಿ ದುಬಾರಿ! ಹಾಗಿದ್ದೂ ಕೊಳ್ಳುತ್ತಾರೆ. ಯಾಕೆಂದರೆ ಕಂಪನಿ ಹೇಳುವ ಪ್ರಕಾರ ಅದರ ಮೈ 20,000 ಗಂಟೆ ಹಾರಾಟ ತಾಳುತ್ತದೆ, ಎಫ್-35 ರದ್ದು 8,000 ಗಂಟೆ. ಎಫ್-15ಇಎಕ್ಸ್ 12 ಕ್ಷಿಪಣಿ ಹೊರುತ್ತದೆ, ಎಫ್-35 ಹೊಟ್ಟೆಯೊಳಗೆ ಹೊರುವುದು ನಾಲ್ಕು. ರೆಕ್ಕೆಯ ಕೆಳಗೆ ಇನ್ನಷ್ಟು ತೂಗುಹಾಕಬಹುದು, ಆದರೆ ತೂಗುಹಾಕಿದ ಮೇಲೆ ಸ್ಟೆಲ್ತ್ ಎಲ್ಲಿ ಉಳಿಯಿತು? ಮುಂದೆ ಕಾಣದಂತೆ ಹೋಗಿ ನೋಡುವ ವಿಮಾನ ಒಂದು, ಹಿಂದಿನಿಂದ ಕ್ಷಿಪಣಿ ಹೊತ್ತು ಬರುವ ವಿಮಾನ ಇನ್ನೊಂದು. ಎರಡೂ ಬೇಕು ಅಂತ ತೀರ್ಮಾನಿಸಿದರು. ಎಷ್ಟು ಕೊಳ್ಳಬೇಕು ಅನ್ನುವುದರಲ್ಲಿ ಮಾತ್ರ ಅವರಿಗೂ ನಿಖರವಾದ ಬುದ್ಧಿ ಇಲ್ಲ. 144 ಅಂದರು, 98 ಕ್ಕೆ ಇಳಿಸಿದರು, 2026 ರ ಬಜೆಟ್‌ನಲ್ಲಿ ಮತ್ತೆ 129 ಕ್ಕೆ ಏರಿಸಿದರು. ದುಡ್ಡಿರುವವರ ಮನೆಯಲ್ಲೂ ಇಷ್ಟೇ.

ಸ್ಟೆಲ್ತ್ ಅಂದರೆ ಮಾಯವಾಗುವುದಲ್ಲ, ಅದು ನಿಮಗೆ ಗೊತ್ತು. ಓದುಗರಿಗಾಗಿ ಹೇಳುತ್ತೇನೆ. ರೇಡಾರ್ ಅಲೆ ಬಂದು ಬಡಿದಾಗ ಅದು ಬಂದ ದಾರಿಗೇ ವಾಪಸ್ ಹೋಗದಂತೆ ಮೈಯ ಕೋನಗಳನ್ನು ತಿದ್ದಿರುತ್ತಾರೆ. ಉಳಿದ ಅಲೆಯನ್ನು ಹೀರುವ ಲೇಪನ ಬಳಿದಿರುತ್ತಾರೆ. ಬಾಂಬು, ಕ್ಷಿಪಣಿ ಎಲ್ಲ ಹೊಟ್ಟೆಯೊಳಗೆ. ಇದರಿಂದ ವಿಮಾನ ಚಿಕ್ಕದಾಗಿ, ತಡವಾಗಿ ಕಾಣುತ್ತದೆ. ಅದರಲ್ಲೂ ಎದುರಿನಿಂದ ನೋಡಿದಾಗ, ಗುರಿಯಿಡುವ ಕಿರು ಅಲೆಯ ರೇಡಾರ್‌ಗಳಿಗೆ. ಉದ್ದ ಅಲೆಯ ದೊಡ್ಡ ರೇಡಾರ್‌ಗಳಿಗೆ ಏನೋ ಬರುತ್ತಿದೆ ಅನ್ನುವ ಸುಳಿವು ಸಿಗುತ್ತದೆ. ಒಂದು ಗೀರು ಬಿದ್ದರೆ, ಒಂದು ಮುಚ್ಚಳ ಸರಿಯಾಗಿ ಕೂರದಿದ್ದರೆ ಲಾಭ ಕಡಿಮೆಯಾಗುತ್ತದೆ. ಆ ಲೇಪನ ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ.

ಇಂಥ ವಿಮಾನವನ್ನು ಹಾರುವ ಸ್ಥಿತಿಯಲ್ಲಿಡುವುದು ಎಷ್ಟು ಕಷ್ಟ ಅಂತ ಅಮೆರಿಕದ ಲೆಕ್ಕಪತ್ರ ಸಂಸ್ಥೆ ಜಿಎಒ 2023 ರಲ್ಲಿ ಬರೆದಿದೆ. ಆ ವರ್ಷದ ಮಾರ್ಚ್‌ನಲ್ಲಿ ಅವರ ಎಫ್-35 ಗಳಲ್ಲಿ ಕೆಲಸಕ್ಕೆ ಸಿದ್ಧವಿದ್ದದ್ದು ಶೇಕಡಾ 55. ರಿಪೇರಿಗೆ ಕಾದು ಕುಳಿತಿದ್ದ ಬಿಡಿಭಾಗಗಳು 10,000 ಕ್ಕಿಂತ ಜಾಸ್ತಿ. ಮುಂದೆ ಹೊಸ ಸಾಫ್ಟ್‌ವೇರ್ ಸಿದ್ಧವಾಗದೆ, 2023 ರ ಜುಲೈನಿಂದ ಒಂದು ವರ್ಷ ಅವರ ಸೇನೆಯೇ ಹೊಸ ವಿಮಾನಗಳನ್ನು ತೆಗೆದುಕೊಳ್ಳಲಿಲ್ಲ. ತಯಾರಾದವು ಕಾರ್ಖಾನೆಯ ಅಂಗಳದಲ್ಲೇ ನಿಂತವು.

ಅಷ್ಟು ದೂರ ಯಾಕೆ, ತಿರುವನಂತಪುರಕ್ಕೇ ಬನ್ನಿ. 2025 ರ ಜೂನ್ 14 ರಂದು ಬ್ರಿಟನ್ನಿನ ಎಚ್‌ಎಂಎಸ್ ಪ್ರಿನ್ಸ್ ಆಫ್ ವೇಲ್ಸ್ ಹಡಗಿನ ಒಂದು ಎಫ್-35ಬಿ ಅಲ್ಲಿ ಇಳಿಯಿತು. ಹವಾಮಾನ ಕೆಟ್ಟಿತ್ತು, ಇಂಧನ ಕಡಿಮೆಯಾಗಿತ್ತು. ಇಳಿದ ಮೇಲೆ ಹೈಡ್ರಾಲಿಕ್ ತೊಂದರೆ ಕಾಣಿಸಿಕೊಂಡಿತು. ಹಡಗಿನ ಎಂಜಿನಿಯರ್‌ಗಳು ಬಂದು ನೋಡಿದರು, ಆಗಲಿಲ್ಲ. ಕೇರಳದ ಮುಂಗಾರಿನಲ್ಲಿ ಮೂರು ವಾರ ಅದು ಬಯಲಲ್ಲೇ ನಿಂತಿತು, ಸುತ್ತ ಸಿಐಎಸ್‌ಎಫ್ ಕಾವಲು. ಕೇರಳ ಪ್ರವಾಸೋದ್ಯಮದವರು ಅದರ ಚಿತ್ರ ಹಾಕಿ ತಮಾಷೆ ಮಾಡಿದರು, ನಾವೂ ನಕ್ಕೆವು. ಜುಲೈ 6 ಕ್ಕೆ ಬ್ರಿಟನ್ನಿನಿಂದ ಎ400ಎಂ ವಿಮಾನದಲ್ಲಿ ತಂತ್ರಜ್ಞರ ತಂಡ, ಸಲಕರಣೆ ಬಂದ ಮೇಲೆ ಹ್ಯಾಂಗರ್‌ಗೆ ಎಳೆದರು. ಹೊರಟದ್ದು ಜುಲೈ 22 ಕ್ಕೆ.

ನಗು ಆದ ಮೇಲೆ ಒಂದು ನಿಮಿಷ ಯೋಚಿಸಿ. ಬ್ರಿಟನ್ ಆ ಯೋಜನೆಯಲ್ಲಿ ಮೊದಲಿನಿಂದ ಪಾಲುದಾರ. ವಿಮಾನದ ಕೆಲವು ಭಾಗ ಅಲ್ಲೇ ತಯಾರಾಗುತ್ತದೆ. ಅವರಿಗೇ ಐದು ವಾರ ಹಿಡಿಯಿತು. ಜೊತೆಗೆ ಅವರದ್ದು ಶಾಂತಿಕಾಲ. ನಮ್ಮದು ಅಂಬಾಲಾದಲ್ಲೋ ತೇಜ್‌ಪುರದಲ್ಲೋ ಯುದ್ಧದ ಮೂರನೇ ದಿನ ಕೆಟ್ಟು ನಿಂತರೆ ಯಾರಿಗೆ ಫೋನ್ ಮಾಡುವುದು? ಆ ಕಡೆಯವರು ಫೋನ್ ಎತ್ತುತ್ತಾರೆ ಅನ್ನುವ ಖಾತ್ರಿ ಏನು?

ಟರ್ಕಿಗೆ ಆದದ್ದು ನೋಡಿ. ನ್ಯಾಟೋ ಸದಸ್ಯ, ಎಫ್-35 ಯೋಜನೆಯ ಪಾಲುದಾರ, ಬಿಡಿಭಾಗ ತಯಾರಿಸುತ್ತಿದ್ದ ದೇಶ. ರಷ್ಯಾದ ಎಸ್-400 ವಾಯು ರಕ್ಷಣಾ ಕ್ಷಿಪಣಿ ವ್ಯವಸ್ಥೆ ಕೊಂಡಿತು ಅಂತ 2019 ರ ಜುಲೈನಲ್ಲಿ ಹೊರಗೆ ಹಾಕಿದರು. ನಾವೂ 2018 ರಲ್ಲಿ ಎಸ್-400 ಗೆ ಸಹಿ ಹಾಕಿದವರೇ. ಅದು ನಮ್ಮ ಕೈಹಿಡಿದ ವ್ಯವಸ್ಥೆ, ಬಿಡುವಂತಿಲ್ಲ, ಬಿಡಬಾರದು ಕೂಡ. ಹಾಗಾದರೆ ಎಫ್-35 ರ ಜೊತೆ ಅದು ಒಂದೇ ಮನೆಯಲ್ಲಿ ಹೇಗೆ ಬಾಳುತ್ತದೆ?

ಸುಖೋಯ್-57 ರ ಬಗ್ಗೆ ಜಾಸ್ತಿ ಹೇಳುವುದಿಲ್ಲ. 2007 ರಲ್ಲಿ ರಷ್ಯಾದ ಜೊತೆ ಸೇರಿ ಐದನೇ ಪೀಳಿಗೆಯ ವಿಮಾನ ಮಾಡೋಣ ಅಂತ ಒಪ್ಪಂದ ಮಾಡಿಕೊಂಡೆವು. 2010 ರಲ್ಲಿ ಪ್ರಾಥಮಿಕ ವಿನ್ಯಾಸಕ್ಕೆ 295 ಮಿಲಿಯನ್ ಡಾಲರ್‌ನ ಒಪ್ಪಂದವಾಯಿತು. 2018 ರಲ್ಲಿ ಹೊರಬಂದೆವು. ಆಗ ಇದ್ದ ಅನುಮಾನಗಳೆಲ್ಲ ಯಲಹಂಕದ ಆಕಾಶದಲ್ಲಿ ಒಂದು ಲಾಗ ಹೊಡೆದ ಮಾತ್ರಕ್ಕೆ ತೀರಿಹೋಗುತ್ತವೆಯೇ?

ಈಗ ನಮ್ಮ ಮನೆಯ ಲೆಕ್ಕ. 2025 ರ ಸೆಪ್ಟೆಂಬರ್ 26 ರಂದು ಚಂಡೀಗಢದಲ್ಲಿ ಮಿಗ್-21 ಕ್ಕೆ ಬೀಳ್ಕೊಡುಗೆ ನಡೆದಾಗ ನೀವೇ ಅಲ್ಲಿದ್ದಿರಿ. 1963 ರಲ್ಲಿ ಬಂದ ವಿಮಾನ. ಅದು ಹೋದ ಮೇಲೆ ಉಳಿದದ್ದು 29 ಸ್ಕ್ವಾಡ್ರನ್. ಮಂಜೂರಾಗಿರುವುದು 42. ಈ ಕಂದಕ ಒಂದೇ ರಾತ್ರಿಯಲ್ಲಿ ಬಿದ್ದದ್ದಲ್ಲ. 2007 ರಲ್ಲಿ 126 ವಿಮಾನಗಳಿಗೆ ಟೆಂಡರ್ ಕರೆದೆವು, 2012 ರಲ್ಲಿ ರಫೇಲ್ ಆರಿಸಿದೆವು, 2015 ರಲ್ಲಿ ಟೆಂಡರ್ ರದ್ದಾಯಿತು, 2016 ರಲ್ಲಿ 36 ಕ್ಕೆ ಸಹಿ ಬಿತ್ತು. ಇದರಲ್ಲಿ ಎರಡೂ ಸರ್ಕಾರಗಳ ಪಾಲಿದೆ. ಅದನ್ನು ಈಗ ಕೆದಕಿ ಪ್ರಯೋಜನವಿಲ್ಲ. ಹದಿಮೂರು ಸ್ಕ್ವಾಡ್ರನ್‌ಗಳ ಕೊರತೆಯನ್ನು ಎರಡು ಸ್ಕ್ವಾಡ್ರನ್ ಸ್ಟೆಲ್ತ್ ತುಂಬುವುದಿಲ್ಲ ಅನ್ನುವುದಷ್ಟೇ ನನ್ನ ಮಾತು.

ತುಂಬುವುದು ಯಾವುದು? ಮೊದಲಿಗೆ, ಇರುವುದು ಚೆನ್ನಾಗಿ ಹಾರಬೇಕು. ನಮ್ಮ ಬೆನ್ನೆಲುಬು ಸುಖೋಯ್-30 ಎಂಕೆಐ. ಕೊಂಡದ್ದು 272. 2024 ರ ಡಿಸೆಂಬರ್‌ನಲ್ಲಿ ಇನ್ನೂ 12 ಕ್ಕೆ, ಸುಮಾರು 13,500 ಕೋಟಿ ರೂಪಾಯಿಗೆ, ಆರ್ಡರ್ ಕೊಟ್ಟಿದ್ದೀರಿ. ಜೋಡಣೆ ನಾಸಿಕ್‌ನಲ್ಲಿ, ಎಂಜಿನ್ ಒಡಿಶಾದ ಕೋರಾಪುಟ್‌ನಲ್ಲಿ. ಈ ವಿಮಾನದ ಬಗ್ಗೆ ನನಗೆ ಮೆಚ್ಚುಗೆ ಹುಟ್ಟಿಸಿದ್ದು ಬ್ರಹ್ಮೋಸ್ ಕೆಲಸ. ಎರಡೂವರೆ ಟನ್ ತೂಕದ ಕ್ಷಿಪಣಿ. ಫೈಟರ್ ವಿಮಾನಗಳು ಸಾಮಾನ್ಯವಾಗಿ ಹೊರುವ ಸಾಮಾನಲ್ಲ ಅದು. ಹೊಟ್ಟೆಯ ಕೆಳಗೆ ಅದನ್ನು ಹಿಡಿಯಲು ವಿಮಾನದ ಮೈಯನ್ನು ಗಟ್ಟಿ ಮಾಡಬೇಕು, ವೈರಿಂಗ್ ಬದಲಿಸಬೇಕು, ಬಿಡುಗಡೆಯಾದ ಕ್ಷಣ ವಿಮಾನ ಹಗುರಾಗಿ ಮೇಲಕ್ಕೆ ಚಿಮ್ಮದಂತೆ ನೋಡಿಕೊಳ್ಳಬೇಕು. ನಾಸಿಕ್‌ನ ಎಚ್‌ಎಎಲ್‌ನವರು ಇದನ್ನು ಮಾಡಿ ಮುಗಿಸಿದರು. 2017 ರ ನವೆಂಬರ್ 22 ರಂದು ಬಂಗಾಳ ಕೊಲ್ಲಿಯ ಮೇಲೆ ಮೊದಲ ಸಲ ಹಾರಿಸಿದರು. 2025 ರ ಮೇ ತಿಂಗಳ ಆಪರೇಷನ್ ಸಿಂಧೂರದಲ್ಲಿ ಅದೇ ಬ್ರಹ್ಮೋಸ್ ಏನು ಮಾಡಿತು ಅಂತ ನೀವೇ ಊರೂರಿನ ಭಾಷಣಗಳಲ್ಲಿ ಹೇಳಿದ್ದೀರಿ. ಕೊಂಡ ವಿಮಾನಕ್ಕೆ ನಮಗೆ ಬೇಕಾದ ಆಯುಧವನ್ನು ನಾವೇ ಕಟ್ಟಿಕೊಂಡೆವು. ಎಫ್-35 ರ ಹೊಟ್ಟೆಗೆ ನಮ್ಮ ಅಸ್ತ್ರ ಕ್ಷಿಪಣಿ ತುರುಕಲು ಯಾರು ಬಿಡುತ್ತಾರೆ?

ಅದೇ ಸುಖೋಯ್‌ನ ಮುಂದಿನ ರೂಪಕ್ಕೆ 2023 ರ ನವೆಂಬರ್‌ನಲ್ಲೇ ನಿಮ್ಮ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ ಒಪ್ಪಿಗೆ ಕೊಟ್ಟಿದೆ. ಮೊದಲ ಕಂತಿನಲ್ಲಿ 84 ವಿಮಾನಗಳ ಮಾತಿದೆ. ಇದರ ಜೀವ ಇರುವುದು ಹೊಸ ರೇಡಾರ್‌ನಲ್ಲಿ. ಹೆಸರು ವಿರೂಪಾಕ್ಷ. ಹಂಪಿಯ ದೇವರ ಹೆಸರಿನ ರೇಡಾರ್ ಬೆಂಗಳೂರಿನ ರೇಡಾರ್ ಪ್ರಯೋಗಾಲಯ ಎಲ್‌ಆರ್‌ಡಿಇ ಕೈಯಲ್ಲಿ ರೂಪುಗೊಳ್ಳುತ್ತಿದೆ ಅಂದರೆ ನಮಗೆ ಸ್ವಲ್ಪ ಹೆಮ್ಮೆ ಜಾಸ್ತಿಯೇ ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಈಗಿರುವ ಬಾರ್ಸ್ ರೇಡಾರ್‌ನಲ್ಲಿ ಅಲೆ ಹುಟ್ಟಿಸುವುದು ಒಂದೇ ಟ್ರಾನ್ಸ್‌ಮಿಟರ್. ಅದು ಕೈಕೊಟ್ಟರೆ ಪೈಲಟ್ ಕುರುಡ. ಹೊಸದರಲ್ಲಿ ಸಾವಿರಾರು ಚಿಕ್ಕ ಚಿಕ್ಕ ಮಾಡ್ಯೂಲ್‌ಗಳು, ಪ್ರತಿಯೊಂದೂ ತಾನೇ ಅಲೆ ಕಳಿಸಿ ತಾನೇ ಕೇಳಿಸಿಕೊಳ್ಳುತ್ತದೆ. ಹತ್ತು ಕೆಟ್ಟರೂ ಉಳಿದವು ಕೆಲಸ ಮಾಡುತ್ತವೆ. ಸುಖೋಯ್‌ನ ಮೂತಿ ದೊಡ್ಡದು. ದೊಡ್ಡ ಮೂತಿಯಲ್ಲಿ ಜಾಸ್ತಿ ಮಾಡ್ಯೂಲ್ ಹಿಡಿಸುತ್ತವೆ, ಅಷ್ಟೂ ದೂರ ಕಾಣುತ್ತದೆ.

ಸುಖೋಯ್ ಕೂಡ ಏನು ಸಾಚಾ ಅಲ್ಲ. ಬಿಡಿಭಾಗ ಸಿಗದೆ ನೆಲದ ಮೇಲೆ ನಿಂತ ವಿಮಾನಗಳ ಬಗ್ಗೆ 2015 ರ ಸಿಎಜಿ ವರದಿ ಹೇಳಿದೆ: ಹಾರುವ ಸ್ಥಿತಿಯಲ್ಲಿದ್ದದ್ದು ಶೇಕಡಾ 55 ರಿಂದ 60. ಜೊತೆಗೆ ಅದು ಭಾರೀ ದೇಹದ ವಿಮಾನ, ಶತ್ರುವಿನ ರೇಡಾರ್‌ಗೆ ದೂರದಿಂದಲೇ ಕಾಣುತ್ತದೆ. ಎಷ್ಟು ಹೊಸ ರೇಡಾರ್ ಹಾಕಿದರೂ ಆ ಮೈ ಚಿಕ್ಕದಾಗುವುದಿಲ್ಲ.

ಇನ್ನೂ ಒಂದು ಅಪಾಯ ಇದೆ. ಅಪ್‌ಗ್ರೇಡ್ ಅನ್ನುವುದು ನಮ್ಮಲ್ಲಿ ಎಷ್ಟೋ ಸಲ ಮುಂದೂಡುವುದಕ್ಕೆ ಸಿಕ್ಕ ನೆಪವಾಗಿದೆ. ಮಿಗ್-21 ಕ್ಕೆ ಬೈಸನ್ ರೂಪ ಕೊಟ್ಟೆವು. ಹೊಸ ರೇಡಾರ್, ಹೊಸ ಕ್ಷಿಪಣಿ ಬಂದವು. ಕೆಲವು ವರ್ಷಕ್ಕೆ ಅಂತ ಮಾಡಿದ್ದು, ತೇಜಸ್ ತಡವಾದಷ್ಟೂ ಎಳೆದು 2025 ರ ತನಕ ಹಾರಿಸಿದೆವು. ಜಾಗ್ವಾರ್‌ಗೆ ಬೆಂಗಳೂರಿನಲ್ಲೇ ಡ್ಯಾರಿನ್-3 ಅಂತ ಒಳ್ಳೆಯ ಎಲೆಕ್ಟ್ರಾನಿಕ್ಸ್ ಕೂರಿಸಿದೆವು, ಆದರೆ ಎಂಜಿನ್ ಸೋತದ್ದು ಸೋತದ್ದೇ. ಹೊಸ ಎಂಜಿನ್ ಹಾಕುವ ಯೋಜನೆ ದುಬಾರಿ ಅಂತ 2019 ರಲ್ಲಿ ಕೈಬಿಟ್ಟಿತು ವಾಯುಪಡೆ. ಇಡೀ ಜಗತ್ತಿನಲ್ಲಿ ಈಗ ಜಾಗ್ವಾರ್ ಹಾರಿಸುವವರು ನಾವೊಬ್ಬರೇ. 2025 ರಲ್ಲಿ ಮೂರು ಬಿದ್ದವು. ಹಾಗಾಗಿ ಹಳೇದನ್ನೆಲ್ಲ ತಿದ್ದಿ ಎಂದು ನಾನು ಹೇಳುತ್ತಿಲ್ಲ. ಮೈಯಲ್ಲಿ ಇನ್ನೂ ಇಪ್ಪತ್ತು ವರ್ಷದ ಕಸುವಿರುವುದನ್ನು ತಿದ್ದಿ. ಸುಖೋಯ್‌ಗೆ ಅದಿದೆ, ಜಾಗ್ವಾರ್‌ಗಿಲ್ಲ.

ಆಪರೇಷನ್ ಸಿಂಧೂರ ಶುರುವಾದ 2025 ರ ಮೇ 7 ರ ರಾತ್ರಿಯನ್ನು ನೆನಪಿಸಿಕೊಳ್ಳಿ. ನಾವೂ ವಿಮಾನ ಕಳೆದುಕೊಂಡೆವು ಅಂತ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಅನಿಲ್ ಚೌಹಾಣ್ ಆ ತಿಂಗಳ ಕೊನೆಗೆ ಸಿಂಗಪುರದಲ್ಲಿ ಒಪ್ಪಿಕೊಂಡರು. ತಪ್ಪು ಎಲ್ಲಾಯಿತು ನೋಡಿ, ತಂತ್ರ ಬದಲಿಸಿ, ಮತ್ತೆ ಹೋದೆವು ಅಂತಲೂ ಹೇಳಿದರು. ಆ ರಾತ್ರಿ ಎರಡೂ ಕಡೆ ಒಂದೇ ಒಂದು ಸ್ಟೆಲ್ತ್ ವಿಮಾನ ಇರಲಿಲ್ಲ. ಪಾಕಿಸ್ತಾನದ ಕಡೆ ಇದ್ದದ್ದು ಚೀನಾದ ಜೆ-10ಸಿ, ಅದೂ ನಾಲ್ಕನೇ ಪೀಳಿಗೆಯದ್ದೇ. ಅದು ಹೊತ್ತದ್ದು ಪಿಎಲ್-15 ಕ್ಷಿಪಣಿ. ಅಂಥದ್ದೊಂದು ಹೆಚ್ಚು ಕಮ್ಮಿ ಇಡಿಯಾಗಿ ಪಂಜಾಬಿನ ಹೋಶಿಯಾರ್‌ಪುರದ ಹೊಲದಲ್ಲಿ ಬಿದ್ದು ಸಿಕ್ಕಿತು. ಪೈಲಟ್‌ಗಳು ಒಬ್ಬರನ್ನೊಬ್ಬರು ಕಣ್ಣಿನಿಂದ ನೋಡಲೇ ಇಲ್ಲ. ಯಾರ ಕ್ಷಿಪಣಿ ದೂರ ಹೋಗುತ್ತದೆ, ಯಾರಿಗೆ ಹಿಂದೆ ಕುಳಿತ ರೇಡಾರ್ ವಿಮಾನ ದಾರಿ ತೋರಿಸುತ್ತದೆ, ಆಟ ಇಷ್ಟೇ.

ಆ ರೇಡಾರ್ ವಿಮಾನಗಳಲ್ಲಿ ನಮ್ಮ ಬಡತನ ನೋಡಿ. ಫಾಲ್ಕನ್ ಮೂರು. ಬೆಂಗಳೂರಿನ ಕ್ಯಾಬ್ಸ್ ಪ್ರಯೋಗಾಲಯ ಮಾಡಿದ ನೇತ್ರ ಬೆರಳೆಣಿಕೆಯಷ್ಟು. ಮೊದಲನೆಯದನ್ನು 2017 ರ ಏರೋ ಇಂಡಿಯಾದಲ್ಲಿ ವಾಯುಪಡೆಗೆ ಕೊಟ್ಟರು, ಚಪ್ಪಾಳೆ ಬಿತ್ತು, ಆಮೇಲೆ ಸಾಲು ದೊಡ್ಡದಾಗಲೇ ಇಲ್ಲ. ಪಾಕಿಸ್ತಾನದ ಹತ್ತಿರ ಇಂಥವು ನಮಗಿಂತ ಜಾಸ್ತಿ ಇವೆ. ಆಕಾಶದಲ್ಲೇ ಇಂಧನ ತುಂಬುವ ಟ್ಯಾಂಕರ್‌ಗಳು ಆರು, ಎಲ್ಲ 2003 ರಿಂದೀಚೆಗೆ ಬಂದ ಇಲ್ಯುಷಿನ್-78 ಗಳು. ಇಷ್ಟು ದೊಡ್ಡ ದೇಶಕ್ಕೆ ಆರು! ಇವು ಟಿವಿಯಲ್ಲಿ ಚೆಂದ ಕಾಣುವುದಿಲ್ಲ. ಗಣರಾಜ್ಯೋತ್ಸವದಲ್ಲಿ ಲಾಗ ಹೊಡೆಯುವುದಿಲ್ಲ. ಆದರೆ ಇವಿಲ್ಲದೆ ಸ್ಟೆಲ್ತ್ ವಿಮಾನ ಕೂಡ ಅರೆಗುರುಡೇ. ಒಂದು ಸ್ಕ್ವಾಡ್ರನ್ ಎಫ್-35, ಅದರ ಹ್ಯಾಂಗರ್, ತರಬೇತಿ, ಬಿಡಿಭಾಗ, ಆಯುಧ ಎಲ್ಲ ಸೇರಿದ ಹಣದಲ್ಲಿ ಎಷ್ಟು ನೇತ್ರ ಬರುತ್ತವೆ ಅಂತ ನಿಮ್ಮ ಹಣಕಾಸು ಅಧಿಕಾರಿಗಳಿಂದ ಒಂದು ಲೆಕ್ಕ ಹಾಕಿಸಿ ನೋಡಿ.

ಇನ್ನು ಬೆಂಗಳೂರಿನವರ ತಪ್ಪು. ಅದನ್ನು ಬೆಂಗಳೂರಿನವರೇ ಹೇಳುವುದು ಒಳ್ಳೆಯದು. 2021 ರ ಏರೋ ಇಂಡಿಯಾದಲ್ಲಿ 73 ಮಾರ್ಕ್-1ಎ ಸೇರಿ 83 ತೇಜಸ್ ವಿಮಾನಗಳಿಗೆ ನಿಮ್ಮ ಮುಂದೆಯೇ ಒಪ್ಪಂದವಾಯಿತು. ಮೊದಲ ಮಾರ್ಕ್-1ಎ ಬರಬೇಕಿದ್ದದ್ದು 2024 ರ ಮಾರ್ಚ್‌ಗೆ. ಬರಲಿಲ್ಲ. ಮುಂದಿನ ವರ್ಷ ಯಲಹಂಕದಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಎಚ್‌ಎಎಲ್ ಮೇಲೆ ತಮಗೆ ವಿಶ್ವಾಸ ಇಲ್ಲ ಅಂತ ನೇರವಾಗಿ ಹೇಳಿದ್ದು ಕ್ಯಾಮೆರಾದಲ್ಲಿ ಸೆರೆಯಾಯಿತು. ಕೇಳಿ ನಮಗೆ ನಾಚಿಕೆಯಾಯಿತು. ಎಂಜಿನ್ ತಡವಾದದ್ದು ಅಮೆರಿಕದ ಜಿಇ ಕಡೆಯಿಂದ ಅನ್ನುವುದೂ ನಿಜ. 2021 ರಲ್ಲಿ ಆರ್ಡರ್ ಮಾಡಿದ 99 ಎಫ್404 ಎಂಜಿನ್‌ಗಳಲ್ಲಿ ಮೊದಲನೆಯದು ಕೈಸೇರಿದ್ದು 2025 ರ ಮಾರ್ಚ್‌ನಲ್ಲಿ. ಆದರೆ ಎಲ್ಲ ತಪ್ಪನ್ನೂ ಎಂಜಿನ್ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಎಂಜಿನ್ ಅಂದಾಗ ಎಚ್‌ಎಎಲ್ ಮ್ಯೂಸಿಯಂನಲ್ಲಿ ನಿಂತಿರುವ ಮಾರುತ್ ನೆನಪಾಗುತ್ತದೆ. ಎಚ್‌ಎಫ್-24. ಜರ್ಮನಿಯ ಕರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ನಮ್ಮವರ ಜೊತೆ ಕುಳಿತು ಮಾಡಿದ ವಿನ್ಯಾಸ. 1961 ರ ಜೂನ್ 17 ರಂದು ಮೊದಲು ಹಾರಿತು. ಇವತ್ತು ನೋಡಿದರೂ ಚೂಪಾಗಿ, ಚೆಂದವಾಗಿದೆ. ಶಬ್ದದ ವೇಗ ಮೀರಬೇಕಿದ್ದ ವಿಮಾನಕ್ಕೆ ತಕ್ಕ ಎಂಜಿನ್ ಕೊನೆಗೂ ಸಿಗಲಿಲ್ಲ. ಆರ್ಫಿಯಸ್ ಎಂಬ ಕಡಿಮೆ ಶಕ್ತಿಯ ಎಂಜಿನ್ ಹಾಕಿಕೊಂಡೇ 147 ವಿಮಾನ ಕಟ್ಟಿ ನಿಲ್ಲಿಸಿದೆವು. ಆಮೇಲೆ 1986 ರಲ್ಲಿ ತೇಜಸ್‌ಗಾಗಿ ಕಾವೇರಿ ಎಂಜಿನ್ ಯೋಜನೆ ಶುರುವಾಯಿತು. ತೇಜಸ್ 2001 ರ ಜನವರಿ 4 ರಂದು ಹಾರಿದ್ದು ಅಮೆರಿಕದ ಎಂಜಿನ್ನಿನಲ್ಲಿ, ಇವತ್ತಿಗೂ ಹಾರುತ್ತಿರುವುದು ಅದರಲ್ಲೇ.

ಆದ್ದರಿಂದ ಫ್ರಾನ್ಸಿನ ಸಫ್ರಾನ್ ಜೊತೆ ಸೇರಿ ಎಂಜಿನ್ ಮಾಡುತ್ತೇವೆ ಅಂತ 2025 ರ ಆಗಸ್ಟ್‌ನಲ್ಲಿ ನೀವು ಹೇಳಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ನಮ್ಮದೇ ಸ್ಟೆಲ್ತ್ ವಿಮಾನ ಎಎಂಸಿಎ ಗೆ ಸೇರಬೇಕಾದ ಎಂಜಿನ್ ಅದು. ಎಎಂಸಿಎ ಗೆ 2024 ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ಮಂಜೂರಾಗಿದೆ. ಖಾಸಗಿ ಕಂಪನಿಗಳಿಗೂ ಬಾಗಿಲು ತೆರೆದು 2025 ರ ಮೇ ತಿಂಗಳಲ್ಲಿ ನೀವೇ ಒಪ್ಪಿಗೆ ಕೊಟ್ಟಿರಿ. ಪಡೆಗೆ ಬರುವುದು 2035 ರ ಹೊತ್ತಿಗೆ ಅನ್ನುತ್ತಾರೆ. ಕೆಲವು ಚಾನೆಲ್‌ಗಳಂತೂ ಅದು ಆಗಲೇ ಗಡಿ ಕಾಯುತ್ತಿದೆ ಅನ್ನುವ ಹಾಗೆ ಮಾತಾಡುತ್ತವೆ. ಕೂಸು ಹುಟ್ಟುವ ಮುಂಚೆ ಕುಲಾವಿ. ನನ್ನ ಹೆದರಿಕೆ ಬೇರೆ: ನಡುವೆ ಹೊರಗಿನ ಸ್ಟೆಲ್ತ್ ಬಂದು ಕುಳಿತರೆ ಎಎಂಸಿಎ ಗೆ ಹೋಗಬೇಕಾದ ಹಣ, ಜನ, ಆತುರ ಮೂರೂ ಸೊರಗುತ್ತವೆ. ಮಾರುತ್ ನಂತರ ನಡೆದದ್ದು ಅದೇ. ಹೊರಗಿನಿಂದ ಸಿಕ್ಕಿತು, ಕೊಂಡೆವು, ಇಲ್ಲಿ ವಿನ್ಯಾಸ ಮಾಡುತ್ತಿದ್ದ ಕೈಗಳು ಖಾಲಿ ಕುಳಿತವು.

ಅಲ್ಲಿ ತನಕ ಹತ್ತು ವರ್ಷ ಏನು ಮಾಡುವುದು ಅಂತ ಕೇಳುತ್ತೀರಿ. ಕಷ್ಟದ ಪ್ರಶ್ನೆ. ಜೆ-35 ಪಾಕಿಸ್ತಾನಕ್ಕೆ ಬಂದರೆ ಮೊದಲ ಕೆಲವು ವರ್ಷ ನಮಗೆ ಹಿನ್ನಡೆ ಆಗಬಹುದು. ಅದನ್ನು ಒಪ್ಪಿಕೊಂಡೇ ಬರೆಯುತ್ತಿದ್ದೇನೆ. ವಿರೂಪಾಕ್ಷ ಹೊತ್ತ ಸುಖೋಯ್, ಉದ್ದ ಕೈಯ ಅಸ್ತ್ರ, ಎಸ್-400, ಹಿಂದೆ ನೇತ್ರ, ಇವೆಲ್ಲ ಒಂದಕ್ಕೊಂದು ಮಾತಾಡುವ ಜಾಲವಿದ್ದರೆ ಕಾಣದ ವಿಮಾನವನ್ನೂ ಹಲವು ಕಡೆಯಿಂದ ನೋಡಿ ಹಿಡಿಯುವ ಸಾಧ್ಯತೆ ಇದೆ. ಇಪ್ಪತ್ತೋ ಮೂವತ್ತೋ ಆಮದು ಸ್ಟೆಲ್ತ್‌ಗಿಂತ ಇದು ಮೇಲು ಅನ್ನುವುದು ನನ್ನ ಎಣಿಕೆ. ವಾಯುಪಡೆಯವರು ಬೇರೆ ಲೆಕ್ಕ ಹಾಕಿ, ಇಲ್ಲ, ಬೇಕೇ ಬೇಕು ಅಂದರೆ, ಕನಿಷ್ಠ ಇಷ್ಟು ಕೇಳಿ: ನಮ್ಮ ಕ್ಷಿಪಣಿಯನ್ನು ನಾವೇ ಸೇರಿಸುವ ಹಕ್ಕು, ದೊಡ್ಡ ರಿಪೇರಿ ಇಲ್ಲೇ ಮಾಡುವ ಹಕ್ಕು. ಕೊಡದಿದ್ದರೆ ಎದ್ದು ಬನ್ನಿ, 2018 ರಲ್ಲಿ ಬಂದ ಹಾಗೆ.

2025 ರ ಅಕ್ಟೋಬರ್ 17 ರಂದು ನಾಸಿಕ್‌ನಲ್ಲಿ ಕಟ್ಟಿದ ಮೊದಲ ಮಾರ್ಕ್-1ಎ ಹಾರಿದಾಗ ನೀವು ನಿಂತು ನೋಡಿದಿರಿ. ಅದೇ ಕ್ಯಾಂಪಸ್‌ನಲ್ಲಿ ಸುಖೋಯ್‌ಗಳೂ ನಿಂತಿರುತ್ತವೆ. ಮುಂದಿನ ಸಲ ಅಲ್ಲಿಗೆ ಹೋದಾಗ ಎರಡು ಪ್ರಶ್ನೆ ಕೇಳಿ ಬನ್ನಿ, ಉತ್ತರವನ್ನು ಸಂಸತ್ತಿನ ಮುಂದಿಡಿ. ವಿರೂಪಾಕ್ಷ ಹೊತ್ತ ಮೊದಲ ಸುಖೋಯ್ ಯಾವ ವರ್ಷ, ಯಾವ ತಿಂಗಳು ಸ್ಕ್ವಾಡ್ರನ್‌ಗೆ ಬರುತ್ತದೆ? ಇವತ್ತು ಬೆಳಿಗ್ಗೆ ನಮ್ಮ ಸುಖೋಯ್‌ಗಳಲ್ಲಿ ಎಷ್ಟು ಹಾರಲು ಸಿದ್ಧವಿದ್ದವು? ಎರಡನೆಯದು ಗುಟ್ಟು ಅನ್ನುವುದಾದರೆ ರಕ್ಷಣಾ ಸ್ಥಾಯಿ ಸಮಿತಿಯ ಮುಂದೆ ಬಾಗಿಲು ಮುಚ್ಚಿಕೊಂಡೇ ಹೇಳಿ, ನಮ್ಮ ಅಭ್ಯಂತರವಿಲ್ಲ. ಮೊದಲನೆಯದರಲ್ಲಿ ಗುಟ್ಟೇನೂ ಇಲ್ಲ. ಅದರ ತಾರೀಕು ನಮಗೂ ತಿಳಿಸಿ.

ಇಂತಿ,
ಬೆಂಗಳೂರಿನ ಒಬ್ಬ ತೆರಿಗೆದಾರ